ಮೂರನೇ ನಕ್ಷತ್ರ

ನಮ್ಮಕ್ಕ ಚರ್ಚುಗಳಿಗೆ ಚಿತ್ರ ಬರೆಯುತ್ತಾಳೆ. ನಾವು ಕ್ಯಾಥೊಲಿಕರು, ಅವಳು ಮದುವೆಯಾಗಿ ಸೇರಿದ್ದು ಪ್ರಾಟೆಸ್ಟೆಂಟ್ ಮನೆ. ಅವಳ ಮಾವ ಅವರ ಸಭೆಯ ಪಾಸ್ಟರ್. ನಮ್ಮ ಚರ್ಚಿಗೆಂದು ಅವಳು ಯೇಸುವಿನ ತಾಯಿ ಮರಿಯಮ್ಮನವರ ಚಿತ್ರ ಬರೆಯುವಾಗ, ಕಾಲೇಜಿಗೆ ರಜೆಯಾದ್ದರಿಂದ ನಾನೂ ಅವಳ ಮನೆಯಲ್ಲಿದ್ದೆ.

ಮರಿಯಮ್ಮನವರ ಮೇಲುಹೊದಿಕೆಯಲ್ಲಿ ಮೂರು ಚಿನ್ನದ ನಕ್ಷತ್ರ ಬರೆಯುವುದು ಹಳೆಯ ಪದ್ಧತಿ. ಹೆರುವ ಮೊದಲು, ಹೆರುವಾಗ, ಹೆತ್ತ ಮೇಲೂ ಆಕೆ ಕನ್ಯೆಯೇ ಎಂದು ಅರ್ಥ. ಎರಡು ಮುಗಿದಿದ್ದವು.

"ಸಾಕು ಬಿಡಮ್ಮ," ಎಂದರು ಮಾವ. "ಯೇಸುವಿಗೆ ತಮ್ಮಂದಿರಿದ್ರು. ಮರಿಯಳು ಆಮೇಲೆ ಸಂಸಾರ ಮಾಡಿದ್ಲು."

"ನಂಗೂ ಬೇಕಾದಷ್ಟು ತಮ್ಮಂದಿರಿದಾರೆ ಅಂಕಲ್, ಎಲ್ಲ ಚಿಕ್ಕಪ್ಪನ ಮಕ್ಕಳು," ಎಂದು ಬಾಯಿ ಹಾಕಿದೆ.

"ನಿನ್ನ ಬಾಯಿಗೆ ಬೀಗ ಇಲ್ವಾ?" ಎಂದು ನನ್ನನ್ನು ಗದರಿ ಅಕ್ಕನತ್ತ ತಿರುಗಿದರು. "ಪಾಸ್ಟರ್ ಸೊಸೆನೇ ಹೀಗೆ ಬರೆದ್ಲು ಅಂದ್ರೆ ನಮ್ಮ ಸಭೇಲಿ ನಾನು ತಲೆ ಎತ್ತೋದು ಹೇಗೆ?"

ಅಕ್ಕ ಬ್ರಷ್ ಕೆಳಗಿಡಲಿಲ್ಲ. "ನಿಜ ಏನೋ ನಂಗೂ ಗೊತ್ತಿಲ್ಲ ಮಾವ. ಆದ್ರೆ ಇದರ ಮುಂದೆ ಮಂಡಿಯೂರೋರು ಆ ಚರ್ಚಿನವರು. ಬೇಡ ಅಂದ್ರೆ ಕೆಲಸಾನೇ ಬಿಡ್ತೀನಿ. ಅವರ ನಂಬಿಕೇಲಿ ಒಂದು ನಕ್ಷತ್ರ ಕದ್ದು ಚಿತ್ರ ಕೊಡಲ್ಲ."

ಮಾವ ಎದ್ದುಹೋದರು. ಅಕ್ಕ ಮೂರನೆಯದನ್ನೂ ಬರೆದಳು. ನನಗೆ ಅವಳನ್ನು ಎತ್ತಿ ಕುಣಿಸುವಷ್ಟು ಹೆಮ್ಮೆ.

ಚಿತ್ರವನ್ನು ಆಶೀರ್ವದಿಸುವ ಭಾನುವಾರ, ತಮ್ಮ ಆರಾಧನೆ ಮುಗಿಸಿದ ಮಾವ ನಮ್ಮ ಚರ್ಚಿನ ಹಿಂದಿನ ಬೆಂಚಿಗೆ ಬಂದು ಕುಳಿತರು. ಅವರ ಸಭೆಯ ಹಿರಿಯರೊಬ್ಬರೂ ಜೊತೆಗಿದ್ದರು.

"ಆ ಮೂರನೇದು ಯಾಕ್ರೀ ಪಾಸ್ಟರೇ?" ಎಂದು ಹಿರಿಯರು ಪಿಸುಗುಟ್ಟಿದರು.

"ಅದನ್ನ ನಾನು ಒಪ್ಪಲ್ಲ," ಎಂದ ಮಾವ ಬೆನ್ನು ನೆಟ್ಟಗೆ ಮಾಡಿಕೊಂಡರು. "ಆದ್ರೆ ಬರೆದದ್ದು ನಮ್ಮ ಸೊಸೆ. ಹೇಗೆ ಹೊಳೀತಿದೆ ನೋಡಿ."