ಗುರುತಿನ ಪಾಲು

ನಮ್ಮ ದ್ವೀಪದಲ್ಲಿ ಮೀನುಗಾರ ಸತ್ತರೆ ಮಗನಿಗೆ ದೋಣಿ ಬರುತ್ತದೆ, ಬಲೆ ಬರುತ್ತದೆ, ಇವೆರಡಕ್ಕಿಂತ ದೊಡ್ಡದಾಗಿ ಗುರುತು ಬರುತ್ತದೆ. ಕಡಲಿನಿಂದ ನೋಡಿದಾಗ ದಡದ ಮೇಲಿನ ಎರಡು ವಸ್ತು ಒಂದರ ಹಿಂದೊಂದು ಬಂದು ಕೂರಬೇಕು, ಇನ್ನೊಂದು ಬದಿಯಲ್ಲಿ ಮತ್ತೆರಡು ಹಾಗೆಯೇ ಕೂರಬೇಕು. ಆಗ ದೋಣಿ ನಿಂತ, ಮೀನು ಸಿಗುವ ಜಾಗವೇ ಗುರುತು. ಈಗ ಎಲ್ಲರ ದೋಣಿಯಲ್ಲೂ ಜಿಪಿಎಸ್ ಇದೆ, ಆದರೆ ತನ್ನ ಗುರುತನ್ನು ಯಾವನೂ ಅದರಲ್ಲಿ ಹಾಕಿಡುವುದಿಲ್ಲ. ಯಂತ್ರಕ್ಕೆ ಹೇಳಿದರೆ ಊರಿಗೇ ಡಂಗುರ ಹೊಡೆದಂತೆ ಎಂದು ಎಲ್ಲರ ನಂಬಿಕೆ. ನನ್ನದೂ ಅದೇ.

ನನ್ನಪ್ಪ ಕುಜ್ಮಾ ಬಿಟ್ಟುಹೋದ ಗುರುತು ಹೀಗಿತ್ತು: ಸಂತ ನಿಕೊಲಾನ ಚರ್ಚು ಕತ್ತೆಬಂಡೆಯ ನೆತ್ತಿಯ ಮೇಲೆ ಸರಿಯಾಗಿ ಕೂರಬೇಕು, ದೀಪಸ್ತಂಭ ಭೂಶಿರದ ಹಿಂದಿನಿಂದ ಅರ್ಧವಷ್ಟೇ ಇಣುಕಬೇಕು. ಮೇ ತಿಂಗಳಲ್ಲಿ ಅಲ್ಲಿಗೆ ಶಾರ್ಕ್‌ಗಳು ಬರುತ್ತಿದ್ದವು. ನಾವು ಅವನ್ನು ನಾಯಿ ಎಂದೇ ಕರೆಯುತ್ತೇವೆ. ಹೆಚ್ಚೆಂದರೆ ಆಳುದ್ದ, ಚಪ್ಪಟೆ ಹಲ್ಲು, ಏಡಿ ಅಗಿದು ಬದುಕುವ ಪಾಪದ ಪ್ರಾಣಿ. ಬರುವುದೆಲ್ಲ ಹೆಣ್ಣು, ಎಲ್ಲವೂ ಬಸುರಿ. ಅಪ್ಪ ಹಿಡಿದ, ನಾನೂ ಹಿಡಿದೆ. ಒಂದು ವರ್ಷ ಹೊಟ್ಟೆ ಸೀಳಿದಾಗ ಮರಿಗಳು ಜಾರಿ ನನ್ನ ಬೂಟಿನ ಮೇಲೆ ಬಿದ್ದು ಒದ್ದಾಡಿದವು. ಅಂದಿನಿಂದ ಆ ಕಡೆ ಬಲೆ ಒಯ್ಯಲಿಲ್ಲ. ಯಾಕೆಂದು ಯಾರಿಗೂ ಹೇಳಲಿಲ್ಲ, ಹೇಳಿದ್ದರೆ ಆಡಿಕೊಂಡು ನಗುತ್ತಿದ್ದರು.

ನಾಲ್ಕು ವರ್ಷದ ಹಿಂದೆ ರಿಯೆಕಾ ಪಟ್ಟಣದಿಂದ ತಿಹಾನಾ ಬಂದಳು. ಶಾರ್ಕ್ ಬಗ್ಗೆ ಸಂಶೋಧನೆ ಮಾಡುವ ಹುಡುಗಿ. ನಾವು ಎಸೆದ ಮೀನಿನ ಕರುಳನ್ನು ಡಬ್ಬಿಯಲ್ಲಿ ತುಂಬಿಕೊಳ್ಳುತ್ತಿದ್ದಳು. ಊರವರು ಅವಳಿಗೆ ಕರುಳಮ್ಮ ಎಂದು ಹೆಸರಿಟ್ಟರು, ಅವಳೂ ಆ ಹೆಸರಿಗೆ ಓಗೊಟ್ಟಳು. ನನಗೆ ಅವಳು ಹಿಡಿಸಿದಳು. ಹೆಂಡತಿಗೂ ಹೇಳದ ಗುರುತನ್ನು ಒಂದು ದಿನ ಅವಳಿಗೆ ತೋರಿಸಿಬಿಟ್ಟೆ. ಮೂರು ಬೇಸಗೆ ನಾವಿಬ್ಬರೂ ಅಲ್ಲಿಗೆ ಹೋಗಿ ನಾಯಿಗಳನ್ನು ಹಿಡಿದು, ಅಳೆದು, ಬೆನ್ನ ರೆಕ್ಕೆಗೆ ಹಳದಿ ಬಿಲ್ಲೆ ಚುಚ್ಚಿ ಮತ್ತೆ ನೀರಿಗೆ ಬಿಟ್ಟೆವು. ಬಿಲ್ಲೆ ಹೊತ್ತವೇ ಮರುವರ್ಷವೂ ಬಂದವು. ಮೀನುಗಾರಿಕೆ ಸಚಿವಾಲಯದವರು ಇನ್ನೊಂದು ವರ್ಷದ ಲೆಕ್ಕ ಕೊಡಿ, ಏಪ್ರಿಲ್‌ನಿಂದ ಜುಲೈವರೆಗೆ ಅಲ್ಲಿ ಬಲೆ ನಿಷೇಧಿಸುತ್ತೇವೆ ಎಂದರು. ಬೇಕಾಗಿದ್ದದ್ದು ಒಂದೇ ಒಂದು ಬೇಸಗೆ.

ಅದಕ್ಕೆ ಮುಂಚೆ ಊರಿಗೆಲ್ಲ ತಿಳಿಸಿ ಹೇಳಬೇಕು ಎಂದು ತಿಹಾನಾ ಹಟ ಹಿಡಿದಳು. ಸುಮ್ಮನಿರಮ್ಮ ಎಂದು ಗೊಣಗಿದೆ.

"ಊರಿಗೆ ಹೇಳ್ದೆ ಊರ ಕಡಲಿಗೆ ಬೀಗ ಹಾಕಿದ್ರೆ ಅದು ಕಳ್ಳತನ ಅಲ್ವಾ ಮಾವ? ನಾಳೆ ಕಾಯಬೇಕಾದವರು ಇವರೇ ತಾನೆ?" ಎಂದಳು.

ಅವಳು ಹೇಳಿದ್ದು ಸರಿಯೇ ಇತ್ತು. ಅದೇ ನನ್ನ ಹೊಟ್ಟೆ ಉರಿಸುವುದು. ಸಭೆಯಲ್ಲಿ ತೋರಿಸುವ ನಕ್ಷೆಯಿಂದ ಜಾಗ ಅಳಿಸಿ, ಅರ್ಧ ಕಡಲನ್ನು ಸುತ್ತುವಷ್ಟು ದೊಡ್ಡ ವೃತ್ತ ಬರೆದು ನನಗೆ ತೋರಿಸಿದಳು. ಪರವಾಗಿಲ್ಲ ಎಂದೆ. ಅದರ ಜೊತೆ ತೋರಿಸಲಿದ್ದ ಫೋಟೋಗಳ ಯೋಚನೆ ಇಬ್ಬರಿಗೂ ಬರಲಿಲ್ಲ.

ಏಪ್ರಿಲ್ ಕೊನೆಯ ಭಾನುವಾರ ಶಾಲೆಯ ಹಾಲ್ ತುಂಬಿತ್ತು. ಹಿಂದಿನ ಸಾಲಿನಲ್ಲಿ ನನ್ನ ಚಿಕ್ಕಪ್ಪನ ಮಗ ಲೊವ್ರೆ ತನ್ನ ಎರಡು ದೋಣಿಯ ಜನರೊಂದಿಗೆ ಕೈಕಟ್ಟಿ ಕೂತಿದ್ದ. ತಿಹಾನಾ ಚೆನ್ನಾಗಿ ಮಾತಾಡಿದಳು. ಹೆಣ್ಣು ನಾಯಿ ಬೆಳೆದು ಬಸುರಾಗಲು ಎಷ್ಟು ವರ್ಷ ಬೇಕು, ಒಂದು ಹೋದರೆ ಎಷ್ಟು ಹೋದಂತೆ ಎಂದು ಬಿಡಿಸಿ ಹೇಳಿದಳು. ಮುದುಕಿಯರು ಸಹ ತಲೆಯಾಡಿಸಿದರು. ಆಮೇಲೆ ಗೋಡೆಯ ಮೇಲೆ ಆ ಚಿತ್ರ ಬಂತು.

ತೆಗೆದವನು ನಾನೇ. ದೋಣಿಯ ಅಂಚಿಗೆ ಬಾಗಿ, ಬಿಲ್ಲೆ ಚುಚ್ಚಿದ ನಾಯಿಯನ್ನು ಹಿಡಿದು ತಿಹಾನಾ ನಗುತ್ತಿದ್ದಾಳೆ. ಅವಳ ಹಿಂದೆ ಸಂತ ನಿಕೊಲಾನ ಚರ್ಚು ಕತ್ತೆಬಂಡೆಯ ನೆತ್ತಿಯ ಮೇಲೆ ಕೂತಿದೆ. ಎಡಗಡೆ ದೀಪಸ್ತಂಭದ ಅರ್ಧ. ನಲವತ್ತು ವರ್ಷದ ರೂಢಿ, ದೋಣಿಯನ್ನು ಗುರುತಿನ ಮೇಲೆ ಕೂದಲೆಳೆಯಷ್ಟೂ ಸರಿಯದಂತೆ ನಿಲ್ಲಿಸಿ ಫೋಟೋ ಹೊಡೆದಿದ್ದೆ. ಪಟ್ಟಣದವರು ಅದರಲ್ಲಿ ಹುಡುಗಿಯನ್ನು ನೋಡುತ್ತಾರೆ, ಮೀನನ್ನು ನೋಡುತ್ತಾರೆ. ನಮ್ಮವರು ಮೊದಲು ನೋಡುವುದೇ ಹಿಂದಿನ ದಡವನ್ನು.

ಹಿಂದಿನ ಸಾಲಿನ ಗುಸುಗುಸು ನಿಂತಿತು. ಲೊವ್ರೆ ಕಟ್ಟಿದ್ದ ಕೈ ಬಿಚ್ಚಿ, ಕತ್ತು ವಾರೆ ಮಾಡಿ ನೋಡಿದ. ಜನರ ಮನಸ್ಸು ಕರಗಿತು ಎಂದುಕೊಂಡ ತಿಹಾನಾ ಆ ಚಿತ್ರವನ್ನು ಇನ್ನಷ್ಟು ಹೊತ್ತು ಹಾಗೇ ಬಿಟ್ಟಳು.

ನಾನು ಎದ್ದು ಅದನ್ನು ತೆಗೆಸಬೇಕಿತ್ತು. ಎದ್ದಿದ್ದರೆ, ಕುಜ್ಮಾನ ಮಗ ಅಪ್ಪನ ಗುರುತನ್ನು ಹೊರಗಿನ ಹೆಣ್ಣಿಗೆ ಕೊಟ್ಟ ಎಂದು ಇಡೀ ಊರಿಗೆ ನಾನೇ ಸಾರಿದಂತಾಗುತ್ತಿತ್ತು. ಆ ನಾಚಿಕೆಗೆ ಅಂಜಿ ಕೂತೆ. ಲೊವ್ರೆ ನಮ್ಮ ರಕ್ತ, ಕೇಳದೆ ಕೈ ಹಾಕುವವನಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಅಂಥ ಸಮಾಧಾನ ಹೇಳಿಕೊಳ್ಳುವುದರಲ್ಲಿ ನಾನು ಗಟ್ಟಿಗ.

ಮೇ ಎರಡನೇ ವಾರ ನಾನೂ ತಿಹಾನಾಳೂ ಹೋಗಿ ಗಾಳ ಇಳಿಸಿದೆವು. ಒಂದೂ ಇಲ್ಲ. ತಡವಾಗಿ ಬರ್ತವೇನೋ ಎಂದಳು. ನಾನು ಗಾಳದ ಹಗ್ಗ ಸುತ್ತತೊಡಗಿದೆ. ಮಧ್ಯಾಹ್ನ ವಾಪಸು ಬಂದಾಗ ಬಂದರಿನ ಕಟ್ಟೆಯ ತುಂಬ ನಾಯಿಗಳು. ಲೊವ್ರೆಯ ಎರಡೂ ದೋಣಿಗಳು ಬೆಳಗಿನ ಜಾವವೇ ಎಲ್ಲವನ್ನೂ ಬಾಚಿಕೊಂಡು ಬಂದಿದ್ದವು. ಎಷ್ಟೋ ರೆಕ್ಕೆಗಳಲ್ಲಿ ಹಳದಿ ಬಿಲ್ಲೆ. ಸೀಳಿದ ಹೊಟ್ಟೆಗಳಿಂದ ತೆಗೆದು ಎಸೆದ ಮರಿಗಳು ಕಲ್ಲಿನ ಮೇಲೆ ರಾಶಿ ಬಿದ್ದಿದ್ದವು, ಕೆಲವು ಇನ್ನೂ ಅಲುಗುತ್ತಿದ್ದವು. ತಿಹಾನಾ ದೋಣಿಯಿಂದ ಇಳಿದವಳು ಅಲ್ಲೇ ಮಂಡಿಯೂರಿದಳು.

ಇನ್ನೊಬ್ಬರ ಗುರುತಿನಲ್ಲಿ ಬಲೆ ಹಾಕಿದವನು ಹಿಡಿದದ್ದರಲ್ಲಿ ದೊಡ್ಡದನ್ನು ಗುರುತಿನವನಿಗೆ ಎಲ್ಲರೆದುರು ಕೈಯಾರೆ ಕೊಡಬೇಕು. ಅದು ನಮ್ಮಲ್ಲಿನ ಪದ್ಧತಿ. ಕೊಟ್ಟರೆ ಕಳವಲ್ಲ, ತೆಗೆದುಕೊಂಡರೆ ಜಗಳವಿಲ್ಲ. ಬೇಡ ಎಂದರೆ ಎರಡು ಮನೆಗೂ ಮೂರು ತಲೆಮಾರು ಮಾತಿಲ್ಲ. ಲೊವ್ರೆ ಒಂದು ದೊಡ್ಡ ಹೆಣ್ಣನ್ನು ಎರಡೂ ಕೈಯಲ್ಲಿ ಹೊತ್ತು ತಂದ.

"ತಗೋ ಅಣ್ಣ. ದೊಡ್ಡಪ್ಪನ ಪಾಲು," ಎಂದ. "ನೀನಂತೂ ಅಲ್ಲಿಗೆ ಹೋಗೋದು ಬಿಟ್ಟೆ. ಬೀಗ ಬೀಳೋಕೆ ಮುಂಚೆ ನಾವಾದ್ರೂ ತಿನ್ನಬೇಡ್ವಾ?"

ನನ್ನ ಕೈ ತಾನಾಗಿ ಮುಂದೆ ಹೋಯಿತು. ತೆಗೆದುಕೊಂಡೆ. ತಿಹಾನಾ ತಲೆಯೆತ್ತಿ ಅದನ್ನು ನೋಡಿದಳು.

"ನೀವೇ ಹೇಳಿದ್ರಾ ಮಾವ?"

ಇಲ್ಲ ಎಂದೆ. ಆ ಫೋಟೋದ ವಿಷಯ ಹೇಳಿದೆ. ಚರ್ಚು, ಬಂಡೆ, ದೀಪಸ್ತಂಭ ಎಲ್ಲ ಬಿಡಿಸಿ ಹೇಳಿದೆ.

"ನಿಮಗೆ ಯಾವಾಗ ಗೊತ್ತಾಯ್ತು?"

"ಹಾಲ್‌ನಲ್ಲೇ. ಗೋಡೆ ಮೇಲೆ ಬಂದ ತಕ್ಷಣ."

"ಹದಿನೈದು ದಿನ ಆಯ್ತು," ಎಂದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ. ಮೊಣಕೈಯಿಂದ ಮುಖ ಒರೆಸಿಕೊಂಡು, ಚೀಲದಿಂದ ಅಳತೆಯ ಟೇಪು ಮತ್ತು ಈ ವರ್ಷದ ಲೆಕ್ಕದ ಪುಸ್ತಕ ತೆಗೆದಳು. "ತುದಿ ಹಿಡ್ಕೊಳ್ಳಿ," ಎಂದಳು. ಪಾಲನ್ನು ನೆಲಕ್ಕಿಟ್ಟು ಟೇಪಿನ ತುದಿ ಹಿಡಿದೆ. ಮೊದಲು ಕೈಗೆ ಬಂದ ಮರಿಯ ಕಿವಿರು ಇನ್ನೂ ಮುಚ್ಚಿ ತೆರೆಯುತ್ತಿತ್ತು.

"ಇದು ಬದುಕಿದೆ ಕಣಮ್ಮ. ನೀರಿಗೆ ಬಿಡಲಾ?"

"ಹೊಟ್ಟೇಲಿ ಇನ್ನೂ ಒಂದು ತಿಂಗಳು ಇರಬೇಕಿತ್ತು ಅದು," ಎಂದಳು ತಿಹಾನಾ. "ಎಷ್ಟಿದೆ ಹೇಳಿ."

ಇಪ್ಪತ್ತಾರು ಸೆಂಟಿಮೀಟರ್ ಎಂದೆ. ಬರೆದುಕೊಂಡು ಮುಂದಿನದಕ್ಕೆ ಕೈ ಚಾಚಿದಳು.