ಖಾಲಿ ಮೆಟ್ಟಿಲುಗಳ ನಡುವೆ ಚೆಂಡು

೧೯೮೪ ಜನವರಿ ೨೨, ರವಿವಾರ, ಬೆಳಿಗ್ಗೆ ಹತ್ತು ಗಂಟೆ ಹನ್ನೆರಡು ನಿಮಿಷ, ಸ್ಟೇಡಿಯಮ್ಮಿನ ಮೆಟ್ಟಿಲುಗಳು ಬೆಳ್ಳಗಿವೆ, ಇಷ್ಟು ಬೆಳ್ಳಗಿರಬಾರದು, ಸಾವಿರಾರು ಮಂದಿ ಕುಳಿತಿದ್ದರೆ ಈ ಕಪ್ಪು ಬಿಳುಪು ಟೀವಿಯಲ್ಲಿ ಎಳ್ಳು ಚೆಲ್ಲಿದ ಹಾಗೆ ಕಾಣಬೇಕು, ಸಿಗ್ನಲ್ ಸಾಲದೇನೋ, ಜಹೀರಾಬಾದಿನಿಂದ ಹೈದರಾಬಾದು ಸುಮಾರು ನೂರು ಕಿಲೋಮೀಟರು, ಅಮೃತಬಾಯಿಯ ಮಾಳಿಗೆಯ ಮೇಲಿನ ಆಂಟೆನಾವನ್ನು ಶಾಲೆಯ ದಿಕ್ಸೂಚಿ ಹಿಡಿದು ನಾನೇ ಪೂರ್ವಕ್ಕೆ ತಿರುಗಿಸಿಕೊಟ್ಟಿದ್ದೆ, ಗಾಳಿಗೆ ಸರಿದಿರಬೇಕು — ಆದರೆ ಬ್ಯಾಟು ಹಿಡಿದವನ ಪ್ಯಾಡಿನ ಗೆರೆಗಳನ್ನು ಎಣಿಸಬಹುದು, ಮೂರು ಸ್ಟಂಪುಗಳು ಬೇರೆಬೇರೆಯಾಗಿ ಕಾಣುತ್ತಿವೆ, ಮಂದಿ ಮಾತ್ರ ಇಲ್ಲ. ಅಕ್ಕೋರೆ, ಮುಂದ ಬಂದು ಕೂಡ್ರಿ, ಅನ್ನುತ್ತಾಳೆ ಅಮೃತಬಾಯಿ, ನಿಮ್ಮ ಮನಿಯವರು ಎಲ್ಲಿ ಕುಂತಾರ ಹುಡುಕ್ರಿ, ನಿಮ್ಮ ಮಗಳು ಕೌಸಿ ಎರಡು ಜಡಿ ಹಾಕ್ಕೊಂಡು ಹೋಗ್ಯಾಳಲ್ಲ, ಟೀವಿದಾಗ ಬಂದಳಂದ್ರ ನಾ ಓಣಿಗೆಲ್ಲ ಪೇಡಾ ಹಂಚ್ತೀನಿ. ಓಣಿಯಲ್ಲಿರುವುದು ಇದೊಂದೇ ಟೀವಿ, ಅದಕ್ಕೆ ಇವಳಿಗಿಷ್ಟು ಧಾರಾಳ, ಹನ್ನೊಂದು ಮಂದಿ ಹೆಂಗಸರು ಚಾಪೆಯ ಮೇಲೆ, ನನಗೊಬ್ಬಳಿಗೆ ಕುರ್ಚಿ, ಟೀಚರೆಂಬ ಕಾರಣಕ್ಕೆ. ಅಷ್ಟರಲ್ಲಿ ಒಬ್ಬ ಬಾರಿಸಿದ, ಚೆಂಡು ಜಾಲರಿ ದಾಟಿ ಮೆಟ್ಟಿಲಿಗೆ ಬಡಿದು, ಪುಟಿದು, ಇನ್ನೊಂದು ಮೆಟ್ಟಿಲಿಗೆ ಬಡಿದು, ಎಲ್ಲೋ ಸಂದಿಯಲ್ಲಿ ಸೇರಿಹೋಯಿತು, ಆಟಗಾರನೊಬ್ಬ ಓಡಿಬಂದು ಜಾಲರಿಯ ಹತ್ತಿರ ನಿಂತು ಕೈ ಎತ್ತಿದ, ಯಾರೋ ಎಸೆದುಕೊಡುತ್ತಾರೆಂಬ ರೂಢಿ, ಎತ್ತಿದ ಕೈ ಹಾಗೇ ಇತ್ತು, ಆಮೇಲೆ ನೆನಪಾಗಿ ಇಳಿಸಿದ, ಜಾಲರಿ ಹತ್ತಿ ಆಚೆ ಇಳಿದು ಮೆಟ್ಟಿಲುಗಳ ನಡುವೆ ಬಗ್ಗಿ ಬಗ್ಗಿ ಹುಡುಕಿದ, ನನ್ನ ಗಡಿಯಾರದ ಪ್ರಕಾರ ನಲವತ್ತು ಸೆಕೆಂಡು, ಇದು ಸಿಗ್ನಲ್ಲಿನ ದೋಷವಲ್ಲ.

ಸದ್ದೇ ಹೇಳುತ್ತಿದೆ, ಬ್ಯಾಟಿನ ಟಕ್ ಎಂಬುದು ಕಲ್ಲಿಗೆ ಬಡಿದು ಮರಳಿ ಇನ್ನೊಂದು ಟಕ್ ಆಗಿ ಬರುತ್ತಿದೆ, ಮಂದಿ ತುಂಬಿದ್ದರೆ ಅವರ ಮೈಬಟ್ಟೆಗಳೇ ಅದನ್ನು ಹೀರಿಕೊಳ್ಳುತ್ತಿದ್ದವು, ಒಂಬತ್ತನೆಯ ತರಗತಿಗೆ ವರ್ಷವೂ ಹೇಳುವ ಪಾಠ ಇದು. ವಿವರಣೆ ಹೇಳುವವನು ತೆಲುಗಿನಲ್ಲಿ ಅದನ್ನೇ ಸ್ಪಷ್ಟ ಮಾಡಿದ, ಶಹರದಲ್ಲಿ ಕರ್ಫ್ಯೂ ಇದೆ, ಪ್ರೇಕ್ಷಕರಿಗೆ ಪ್ರವೇಶವಿಲ್ಲವೆಂದು ನಿನ್ನೆ ಮಧ್ಯಾಹ್ನವೇ ತೀರ್ಮಾನವಾಗಿದೆ, ಸಂಜೆ ರೇಡಿಯೋದಲ್ಲೂ ತಿಳಿಸಿದ್ದೇವೆ. ಅಯ್ಯ, ಹಂಗಂದ್ರ ನಿಮ್ಮವರು ಎಲ್ಲಿ ಕುಂತಾರ್ರಿ, ಅಂಪೈರ್ ಕೋಟಿನಾಗ ಹೊಕ್ಕಾರೇನು, ಅಂದಳು ಅಮೃತಬಾಯಿ, ಚಾಪೆಯೆಲ್ಲ ನಕ್ಕಿತು, ನಾನೂ ನಕ್ಕೆ, ನನ್ನ ಹಲ್ಲುಗಳು ಗಾಳಿಗೆ ಒಣಗಿದ್ದು ನನಗೇ ತಿಳಿಯಿತು. ಬಾಗಿಲಲ್ಲಿ ನಿಂತು ಅಡಿಕೆ ಕತ್ತರಿಸುತ್ತಿದ್ದ ಅವಳ ಗಂಡ ಆತ್ಮಾರಾಮ ಒಳ್ಳೆಯವನು, ಸುಮ್ನಿರ ನೀ, ಗೇಟಿನಿಂದ ವಾಪಸ್ ಕಳಿಸಿರ್ತಾರ, ಸಂಜೀಕ ಬರ್ತಾರ ತಗೋ, ಎಂದು ನನಗೊಂದು ದಾರಿ ತೆಗೆದುಕೊಟ್ಟ. ಇರಬಹುದು, ಗೇಟಿನಿಂದ ವಾಪಸ್, ಅದು ಮೊದಲನೆಯ ಊಹೆ, ಪರೀಕ್ಷಿಸೋಣ. ನಿನ್ನೆ ಸಂಜೆ ಏಳು ಗಂಟೆಗೆ ನನ್ನ ಗಂಡ ರೇವಪ್ಪ ರೇಡಿಯೋಗೆ ಕಿವಿ ಹಚ್ಚಿ ಕುಳಿತಿದ್ದ, ನಾನು ಅಡುಗೆಮನೆಯಿಂದ ಬಂದದ್ದೇ ಗುಂಡಿ ತಿರುಗಿಸಿದ, ಯಾಕ್ರಿ ಬಂದ್ ಮಾಡಿದ್ರಿ ಅಂದರೆ, ಸೆಲ್ ಹೋಗ್ಯಾವ ಕಾಣಸ್ತದ, ಅಂದ. ಸೆಲ್ಲುಗಳನ್ನು ಗುರುವಾರ ನಾನೇ ಹಾಕಿದ್ದೆ. ಹೊಸ ಸೆಲ್ಲು ಎರಡು ದಿನದಲ್ಲಿ ಹೋಗುವುದಿಲ್ಲ. ನಿನ್ನೆಯೇ ಅವನಿಗೆ ಗೊತ್ತಿತ್ತು, ಗೊತ್ತಿದ್ದೂ ಬೆಳಿಗ್ಗೆ ಆರೂಕಾಲಿಗೆ ಮಗಳ ಕೈ ಹಿಡಿದು ಹೊರಟ, ನೀನೇ ಅಂತಿದ್ದೆಲ್ಲ, ಹೆಣ್ಣುಮಕ್ಕಳು ನಾಕು ಊರು ನೋಡಬೇಕಂತ, ತೋರಸ್ಕೊಂಡು ಬರ್ತೀನಿ, ಅಂದ. ಕೌಸಿ ರಾತ್ರಿಯೇ ಗ್ರಾಫ್ ಕಾಗದ ಮಡಚಿಟ್ಟುಕೊಂಡಿದ್ದಳು, ಎರಡು ಪೆನ್ಸಿಲು, ರೇಡಿಯೋ ಕೇಳುತ್ತಾ ಓವರಿಗೊಂದು ಚುಕ್ಕಿ ಇಟ್ಟು ಗೆರೆ ಎಳೆಯುವ ಹುಚ್ಚು ಅವಳಿಗೆ, ಅವ್ವ, ಈ ಸಲ ಕಣ್ಣಿಂದ ನೋಡಿ ಚುಕ್ಕಿ ಇಡ್ತೀನಿ. ಹತ್ತು ಹದಿನೇಳು. ಎರಡನೆಯ ಊಹೆ ಏನು, ಎರಡನೆಯದನ್ನು ಯೋಚಿಸಲು ನನ್ನ ತಲೆ ಒಲ್ಲೆನ್ನುತ್ತದೆ, ಒಲ್ಲೆನ್ನುವ ತಲೆಗೆ ಮತ್ತೊಂದು ಪುರಾವೆ ಬೇಕು.

ಬೇಕೆ, ತಗೋ, ನನ್ನ ನೀಲಿ ರೇಷ್ಮೆ ಸೀರೆ. ಅವನ ಚೀಲದ ಬಾಯಿಯಲ್ಲಿ ಅಂಚು ಕಂಡಿತ್ತು, ಇದ್ಯಾಕ್ರಿ ಅಂದರೆ, ಸ್ಟೇಡಿಯಮ್ಮಿಗೆ ದೊಡ್ಡ ಮಂದಿ ಬರ್ತಾರ, ಹುಡುಗಿ ಲಂಗ ಹಾಕ್ಕೊಂಡು ಕುಂದರಬೇಕೇನು, ಅಂದ, ನಾನು ನಂಬಿದೆ, ಹದಿನಾರರ ಹುಡುಗಿ ಬಿಸಿಲಲ್ಲಿ ಕ್ರಿಕೆಟ್ ನೋಡಲು ರೇಷ್ಮೆ ಉಡುತ್ತಾಳೆಂದು ಬಿ.ಎಸ್ಸಿ. ಓದಿದ ನಾನು ನಂಬಿದೆ! ಪಂಚಾಂಗದಲ್ಲಿ ಇವತ್ತಿನ ದಿನದ ಮುಂದೆ ಪೆನ್ಸಿಲಿನ ಗೆರೆ, ಹನ್ನೆರಡೂ ನಲವತ್ತು, ಮ್ಯಾಚಿಗೂ ಮುಹೂರ್ತ ನೋಡ್ತೀರೇನ್ರಿ ಎಂದು ನಾನೇ ತಮಾಷೆ ಮಾಡಿದ್ದೆ, ಅವನು ಪಂಚಾಂಗ ಮಡಚಿಟ್ಟ. ಹಾಗಾದರೆ ಹೋದದ್ದು ಸಿರ್ಗಾಪುರ. ನಾದಿನಿ ಪಾರ್ವತಿಬಾಯಿಯ ಮನೆ, ಅವಳ ಮಗ ಬಂಡೆಪ್ಪ, ಇಪ್ಪತ್ತೆಂಟು ವರ್ಷ, ಕಬ್ಬು, ಟ್ರಾಕ್ಟರು. ಕೆಟ್ಟವನಲ್ಲ, ಸಿಟ್ಟು ಬರುವುದೇ ಅದಕ್ಕೆ, ಕುಡುಕನಾಗಿದ್ದರೆ ಊರೇ ನನ್ನ ಕಡೆ ಇರುತ್ತಿತ್ತು, ಅತ್ತಿ, ಚಂದ್ರನ ಮ್ಯಾಲ ಕಬ್ಬು ಬೆಳೀತದೇನ್ರಿ, ಎಂದು ಕೇಳಿ ತಾನೇ ನಗುವ ಗಂಡು, ಅವನಿಗೇನು ಕೊರತೆ ಅಂತ ಎಲ್ಲರೂ ಕೇಳುತ್ತಾರೆ. ದೀಪಾವಳಿಗೆ ಪಾರ್ವತಿಬಾಯಿ ನನ್ನ ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತು, ನನ್ನ ಸೊಸಿನ್ನ ನಾ ಕೇಳಾಕ ಬಂದೀನಿ, ಹೊರಗಿನಾಕಿ ಅಲ್ಲ, ಕಿವ್ಯಾಗ ಹೆಸರು ಕರದಾಕಿ ನಾ, ಅಂದಳು, ಕರೆದದ್ದು ಹೌದು, ತೊಟ್ಟಿಲ ದಿನ, ನಾನು ಕೌಶಲ್ಯಾ ಅಂತ ಹೇಳಿಕೊಟ್ಟರೆ ಕೂಸಿನ ಕಿವಿಗೆ ಬಾಯಿಟ್ಟು ಗುರುಲಿಂಗಮ್ಮ ಅಂದಳು, ತನ್ನ ಅವ್ವನ ಹೆಸರು, ಹೆಂಗಸರೆಲ್ಲ ಪದ್ಧತಿಯಂತೆ ಅವಳ ಬೆನ್ನಿಗೆ ಗುದ್ದಿ ನಕ್ಕರು, ನಾನೂ ಗುದ್ದಿದೆ, ನಗುತ್ತಾ, ಅಷ್ಟು ಜೋರಾಗಿ ಯಾರೂ ಗುದ್ದಿರಲಿಲ್ಲ, ಹದಿನಾರು ವರ್ಷವಾದರೂ ಆ ಗುದ್ದು ಅವಳಿಗೆ ನೆನಪಿದೆ, ಈಗ ತಿರುಗಿಸಿ ಕೊಡುತ್ತಿದ್ದಾಳೆ. ಕೌಸಿ ಬಿ.ಎಸ್ಸಿ. ಮುಗಿಸುವ ತನಕ ಮಾತೇ ಬೇಡ ಎಂದಿದ್ದೆ, ರೇವಪ್ಪ ಆತು ಎಂದಿದ್ದ, ಅವನ ಆತು ಎಂಬ ಮಾತಿನಲ್ಲಿ ಇಪ್ಪತ್ತು ವರ್ಷ ಸಂಸಾರ ಮಾಡಿದ್ದೇನೆ, ಅದರ ತೂಕ ನನಗೆ ಗೊತ್ತಿರಬೇಕಿತ್ತು. ಬಾಯಿಗೆ ಸಕ್ಕರೆ ಹಾಕಿ, ಉಡಿ ತುಂಬಿ, ನಾಲ್ಕು ಮಂದಿ ಹಿರಿಯರು ನೋಡಿದರೆ ಮದುವೆ ನಿಶ್ಚಯವಾದಂತೆ, ಮುಗಿಯಿತು, ಆಮೇಲೆ ನಾನು ಹೋಗಿ ಕೂಗಿದರೆ ಹುಚ್ಚಿ ಎನಿಸಿಕೊಳ್ಳುವವಳು ನಾನೇ.

ಹತ್ತು ಇಪ್ಪತ್ತು. ಸಿರ್ಗಾಪುರದ ಬಸ್ಸು ಹತ್ತೂವರೆಗೆ, ಎರಡು ತಾಸಿನ ದಾರಿ, ಹನ್ನೆರಡೂವರೆಗೆ ಮುಟ್ಟುತ್ತದೆ, ಮುಹೂರ್ತಕ್ಕೆ ಹತ್ತು ನಿಮಿಷ ಮೊದಲು. ಇಲ್ಲಿಂದ ಬಸ್ ಸ್ಟ್ಯಾಂಡಿಗೆ ನನ್ನ ಹೆಜ್ಜೆಗೆ ಒಂಬತ್ತು ನಿಮಿಷ, ಈಗ ಏಳಬೇಕು, ಈ ನಿಮಿಷ, ಎದ್ದರೆ ಅಮೃತಬಾಯಿ ಎಲ್ಲಿಗೆ ಅನ್ನುತ್ತಾಳೆ, ಹನ್ನೊಂದು ತಲೆಗಳು ತಿರುಗುತ್ತವೆ, ಗಂಡ ಸುಳ್ಳು ಹೇಳಿ ಮಗಳನ್ನು ಒಯ್ದಿದ್ದಾನೆ ಅನ್ನಲೇ, ಊರಿಗೆ ಬುದ್ಧಿ ಹೇಳುವ ಟೀಚರಿನ ಮನೆಯಲ್ಲೇ ಹೀಗಂತೆ ಎಂದು ಸಂಜೆಯೊಳಗೆ ನಲ್ಲಿಯ ಸಾಲಿನಲ್ಲಿ ಮಾತು, ತಡಿ, ಇದು ಇನ್ನೂ ಊಹೆಯೇ, ಅಳತೆಯಲ್ಲಿ ತಪ್ಪಿರಬಹುದು, ಸೆಲ್ಲು ಕಳಪೆಯದಿರಬಹುದು, ತಗೋರಿ ಅಕ್ಕೋರೆ ಚಹಾ, ಗಂಡ ಬಂದಿಲ್ಲಂತ ಚಹಾ ಬಿಡ್ತೀರೇನು, ಅಂದಳು ಅಮೃತಬಾಯಿ, ನಾನು ತೆಗೆದುಕೊಂಡೆ, ಬಿಸಿ ಗ್ಲಾಸು, ಎರಡೂ ಕೈಯಲ್ಲಿ ಹಿಡಿದೆ. ಚೆಂಡು ಮತ್ತೆ ಮೆಟ್ಟಿಲಿಗೆ ಹೋಯಿತು, ಅವನೇ ಮತ್ತೆ ಓಡಿಬಂದು ನಿಂತ, ಮತ್ತೆ ಕೈ ಎತ್ತಿದ, ಒಂದು ಸಲ ತಿಳಿದ ಮೇಲೂ ಯಾಕೆ ಎತ್ತುತ್ತಾನೆ, ಯಾರೂ ಇಲ್ಲವೋ, ಮೂರ್ಖ, ಜಾಲರಿ ಹತ್ತು. ಹೈದರಾಬಾದಿನ ಬಸ್ಸಾದರೆ ಬೆಳಗಿನ ಸೂರ್ಯ ಎದುರಿಗೆ ಬರುತ್ತಾನೆ, ಸಿರ್ಗಾಪುರದ್ದಾದರೆ ಬಲಗಡೆಯ ಕಿಟಕಿಯಲ್ಲಿ, ಕೌಸಿಗೆ ದಿಕ್ಕು ನೋಡುವುದನ್ನು ಕಲಿಸಿದವಳು ನಾನು, ಏಳು ಗಂಟೆಯೊಳಗೆ ಅವಳಿಗೆ ತಿಳಿದಿರುತ್ತದೆ, ಅಪ್ಪ ಇದು ಯಾವ ದಾರಿ, ಸುಮ್ನ ಕುಂದ್ರು, ಅವಳು ಸುಮ್ಮನೆ ಕುಳಿತಿರುತ್ತಾಳೆ, ಅವಳು ಕಿರುಚುವವಳಲ್ಲ, ಅವ್ವ ಟೀವಿ ನೋಡ್ತಾಳ, ನಾ ಇಲ್ಲದ್ದು ಅವ್ವಗ ತಿಳೀತದ, ಅವ್ವ ಬರ್ತಾಳ ಎಂದು ಲೆಕ್ಕ ಹಾಕಿ ಕುಳಿತಿರುತ್ತಾಳೆ, ನೀಲಿ ರೇಷ್ಮೆಯಲ್ಲಿ, ಗ್ರಾಫ್ ಕಾಗದ ಚೀಲದಲ್ಲಿ.

ಹೆದ್ದಾರಿ ಈ ಮನೆಯ ಮುಂದೆಯೇ ಹಾಯುತ್ತದೆ, ಹಾರ್ನು ಕೇಳಿ ಕಿಟಕಿಯಾಚೆ ನೋಡಿದೆ, ಕೆಂಪು ಬಸ್ಸು, ಗಡಿಯಾರದಲ್ಲಿ ಹತ್ತು ಮೂವತ್ತಮೂರು, ಹಣೆಯ ಮೇಲೆ ಸಿರ್ಗಾಪುರದ ಹಲಗೆ, ಹೊರಗೆ ಹೋಗಿ ಕೈ ಎತ್ತಿದರೆ ನಿಲ್ಲುತ್ತಿತ್ತು, ಡ್ರೈವರ್ ಪೋಚಪ್ಪನ ಮಗಳು ನನ್ನ ತರಗತಿಯಲ್ಲೇ ಇದ್ದಾಳೆ, ನಿಲ್ಲಿಸುತ್ತಿದ್ದ, ನನ್ನ ಎರಡೂ ಕೈಯಲ್ಲಿ ಚಹಾದ ಗ್ಲಾಸಿತ್ತು. ಆಗ ಎದ್ದೆ, ಬಸ್ಸು ಹೋದ ಮೇಲೆ ಎದ್ದೆ, ಗ್ಲಾಸನ್ನು ಟೀವಿಯ ಮೇಲೆ ಕುಕ್ಕಿದೆ, ನನ್ನ ಗಂಡ ಹೈದರಾಬಾದಿಗೆ ಹೋಗಿಲ್ಲ, ಸುಳ್ಳು ಹೇಳಿ ನನ್ನ ಮಗಳನ್ನ ಸಿರ್ಗಾಪುರಕ್ಕ ಒಯ್ದಾನ, ಬಂಡೆಪ್ಪಗ ಕೊಡಾಕ, ನಗ್ರಿ ಎಲ್ಲಾರೂ, ಅಂದೆ, ಯಾರೂ ನಗಲಿಲ್ಲ, ಅಮೃತಬಾಯಿ ಎದ್ದು ನಿಂತು, ನನ್ನವ್ವ, ಮೊದಲೇ ಯಾಕ ಹೇಳಲಿಲ್ಲ, ಇವರು ಲೂನಾ ಮ್ಯಾಲ ಬಿಡ್ತಿದ್ರಲ್ಲ, ಅಂದಳು, ಆತ್ಮಾರಾಮ ಕೀಲಿಗೆ ಅಂಗಿಯ ಜೇಬು ತಡಕುತ್ತಿದ್ದ, ಇಷ್ಟೇ ಆಗಿತ್ತು, ಇಷ್ಟು ಹೊತ್ತು ನಾನು ಹೆದರಿದ್ದು ಇವಳಿಗೆ. ಲೂನಾ ಮೊಪೆಡ್ಡು ನಾಲ್ಕು ಸಲ ತುಳಿದರೂ ಹೊತ್ತಲಿಲ್ಲ, ಹೊತ್ತಿದಾಗ ಬಸ್ಸು ಕಣ್ಣಿಗಿರಲಿಲ್ಲ, ಈಗ ಆತ್ಮಾರಾಮ ತಂದುಬಿಟ್ಟ ಬಸ್ ಸ್ಟ್ಯಾಂಡಿನ ಕಲ್ಲಿನ ಮೇಲೆ ಕುಳಿತಿದ್ದೇನೆ, ಮುಂದಿನ ಬಸ್ಸು ಹನ್ನೊಂದೂಕಾಲು, ಮುಟ್ಟುವುದು ಒಂದೂಕಾಲು, ಅಷ್ಟರಲ್ಲಿ ಸಕ್ಕರೆ ಕರಗಿರುತ್ತದೆ, ಆದರೂ ಹೋಗುತ್ತೇನೆ, ಹೋಗಿ ಆ ಸೀರೆ ಬಿಚ್ಚಿಸಿ ಲಂಗ ಉಡಿಸಿ ಎಲ್ಲರೆದುರು ಕರೆದುಕೊಂಡು ಬರುತ್ತೇನೆ, ರೇವಪ್ಪ ನನ್ನ ಮುಖ ನೋಡಲಿ, ಪಾರ್ವತಿಬಾಯಿ ಇನ್ನೊಂದು ಗುದ್ದು ತಿನ್ನಲಿ, ಕೌಸಿ ಮಾತ್ರ ಕೇಳದಿರಲಿ, ಅವ್ವ ನಿನಗ ಯಾವಾಗ ತಿಳೀತು ಎಂದು ಮಾತ್ರ ಕೇಳದಿರಲಿ — ಆ ಆಟಗಾರ ಇನ್ನೂ ನನ್ನ ಕಣ್ಣೊಳಗೆ ಜಾಲರಿಯ ಹತ್ತಿರ ಕೈ ಎತ್ತಿ ನಿಂತಿದ್ದಾನೆ, ಮೆಟ್ಟಿಲುಗಳು ಬೆಳ್ಳಗಿವೆ, ಚೆಂಡು ಸಂದಿಯಲ್ಲಿದೆ, ಅವನು ಹತ್ತಿದ, ಬಗ್ಗಿದ, ತಂದ, ನಲವತ್ತು ಸೆಕೆಂಡು. ನಾನು ಆ ಕುರ್ಚಿಯಲ್ಲಿ ಕುಳಿತಿದ್ದು ಇಪ್ಪತ್ತೊಂದು ನಿಮಿಷ.