ಬಾಯಿ ತೆರೆದರೆ ಸಾಕು

ಫೆಬ್ರವರಿಯಲ್ಲಿ ದೂರದ ಉತ್ತರದ ತಾಲಿನ್ ನಗರಕ್ಕೆ ಹೋಗಿ ಹಾಡುವುದೆಂದು ತೀರ್ಮಾನಿಸಿದವರು ನಮ್ಮ ಗಾಯನ ತಂಡದ ಸಮಿತಿಯವರು. ಆಗ ವಿಮಾನದ ಟಿಕೆಟ್ ಅಗ್ಗವಂತೆ. ಯಾಕೆ ಅಗ್ಗ ಎನ್ನುವುದು ವಿಮಾನದ ಬಾಗಿಲು ತೆರೆದಾಗ ಅವರಿಗೂ ಹೊಳೆಯಿತು.

ನಾವು ವೇಲ್ಸ್‌ನ ಕಲ್ಲುಗಣಿ ಊರಿನವರು, ಚಳಿ ನಮಗೇನೂ ಹೊಸದಲ್ಲ. ಆದರೆ ನಮ್ಮದು ಒದ್ದೆ ಚಳಿ, ಬೇಡದ ನೆಂಟನ ಹಾಗೆ ಮೂಲೆಯಲ್ಲಿ ಕೂತು ಗೊಣಗುತ್ತಿರುತ್ತದೆ. ಇಲ್ಲಿಯದು ಎದುರಿಗೇ ಬಂದು ಕಪಾಳಕ್ಕೆ ಬಾರಿಸುತ್ತದೆ. ಹಳೇ ಪೇಟೆಯ ಮಂಜುಗಟ್ಟಿದ ಕಲ್ಲುಹಾಸಿನ ಮೇಲೆ ನಾವೆಲ್ಲ ಒಬ್ಬರನ್ನೊಬ್ಬರು ಹಿಡಿದುಕೊಂಡು ನಡೆಯುತ್ತಿದ್ದರೆ, ಅಲ್ಲಿನ ಗೋಪುರಗಳಿಗಿಂತ ನಾವೇ ಹಳಬರಂತೆ ಕಾಣುತ್ತಿದ್ದೆವು. ನಮ್ಮ ತಂಡದಲ್ಲಿ ಮೇಲುದನಿಯ ಹೆಂಗಸರನ್ನು ಇಂದಿಗೂ ‘ಹುಡುಗಿಯರು’ ಎನ್ನುತ್ತೇವೆ. ಅವರಲ್ಲಿ ಕಿರಿಯವಳು ಕಳೆದ ವರ್ಷ ಅಜ್ಜಿಯಾದಳು.

ನಾನು ನೆಸ್ಟಾ. ಹೆಂಗಸರ ತಗ್ಗುದನಿಯ ಸಾಲಿನ ಮುಂದಾಳು. ನನ್ನ ಬೆನ್ನ ಹಿಂದೆ ಗಂಡಸರ ತಗ್ಗುದನಿಯ ಸಾಲು. ಅಲ್ಲಿರುವುದು ನಾಲ್ಕೇ ಜನ, ಅವರಲ್ಲೊಬ್ಬ ನನ್ನ ಗಂಡ ಎಮ್ರಿಸ್. ಮದುವೆಗೆ ಮುಂಚಿನಿಂದಲೂ ಅವನು ನನ್ನ ಕುತ್ತಿಗೆಯ ಹಿಂದೆ ನಿಂತೇ ಹಾಡುತ್ತಾ ಬಂದಿದ್ದಾನೆ. ದನಿ ದೊಡ್ಡದು, ಶ್ರುತಿ ಮಾತ್ರ ಇಳಿಜಾರು. ಹಾಡು ಶುರುವಾದ ಎತ್ತರದಲ್ಲೇ ಅವನು ಅದನ್ನು ಮುಗಿಸಿದ್ದನ್ನು ನಾನಂತೂ ಕೇಳಿಲ್ಲ. ಇದನ್ನು ಹೇಳಿ ಹೇಳಿ ಅವನನ್ನು ಗೋಳು ಹೊಯ್ದುಕೊಳ್ಳುತ್ತೇನೆ. ಅವನು ನಗುತ್ತಾನೆ, ಮತ್ತೆ ಇಳಿಸುತ್ತಾನೆ.

ಕಾರ್ಯಕ್ರಮದ ದಿನ ಬೆಳಿಗ್ಗೆ ಹೋಟೆಲಿನಲ್ಲಿ ಗಡ್ಡ ಹೆರೆದುಕೊಳ್ಳುವಾಗ ಎಮ್ರಿಸ್ ಹಾಡಲಿಲ್ಲ. ಬಚ್ಚಲಿನಿಂದ ಬರೀ ನೀರಿನ ಸದ್ದು. ನಾನು ಬಾಗಿಲು ತಟ್ಟಿದೆ.

“ಏನಪ್ಪಾ, ಬದುಕಿದೀಯಾ?”

“ಇದೀನಿ ಕಣೇ.”

“ಮತ್ತೆ ಸದ್ದೇ ಇಲ್ಲ? ಪಕ್ಕದ ರೂಮಿನವರು ಗಾಬರಿಯಾಗ್ತಾರೆ, ಹಾಡು.”

ಹಾಡಲಿಲ್ಲ. ತಿಂಡಿಗೆ ಇಳಿದರೆ ತಗ್ಗುದನಿಯ ಉಳಿದ ಮೂವರೂ ಹಾಗೇ ಇದ್ದರು. ಗ್ವಿಲಿಮ್, ಯೋಲೋ, ಹವೆಲ್ ಕೂತ ಮೇಜೆಂದರೆ ಸಂತೆ. ಅವತ್ತು ಮೂವರೂ ತಲೆ ತಗ್ಗಿಸಿ ಕಪ್ಪು ಬ್ರೆಡ್ಡಿನ ಮೇಲೆ ಮೀನಿಟ್ಟುಕೊಂಡು ಸಾವಿನ ಮನೆಯಲ್ಲಿ ಕೂತವರಂತೆ ತಿನ್ನುತ್ತಿದ್ದರು. ಬೆಳಿಗ್ಗೆ ಬೆಳಿಗ್ಗೆ ತಣ್ಣನೆಯ ಮೀನು ಕೊಟ್ಟರೆ ಇನ್ನೇನಾಗುತ್ತದೆ ಎಂದುಕೊಂಡು ನಾನು ಸುಮ್ಮನಾದೆ.

ಪೇಟೆಯ ಚೌಕದಲ್ಲಿ ಸಕ್ಕರೆ ಹಾಕಿ ಹುರಿದ ಬಾದಾಮಿ ಮಾರುತ್ತಿದ್ದರು. ಒಂದು ಪೊಟ್ಟಣ ಕೊಂಡು ಎಮ್ರಿಸ್‌ನ ಕೈಗೆ ಕೊಟ್ಟೆ. ಅವನು ತಿನ್ನದೆ ಅದರಲ್ಲಿ ಕೈ ಬೆಚ್ಚಗೆ ಮಾಡಿಕೊಳ್ಳುತ್ತಾ ನಿಂತ.

“ಮೆರೆರಿಡ್ ನಿನ್ನೆ ಚಹಾಕ್ಕೆ ಕರೆದಿದ್ಲು” ಎಂದ.

ಮೆರೆರಿಡ್ ನಮ್ಮ ತಂಡವನ್ನು ನಡೆಸುವವಳು. ನಮ್ಮ ಕಡೆ ಯಾರಾದರೂ ನಿಮ್ಮೊಬ್ಬರನ್ನೇ ಚಹಾಕ್ಕೆ ಕರೆದು, ಮೊದಲು ನಿಮ್ಮ ಮಂಡಿನೋವು ವಿಚಾರಿಸಿದರೆಂದರೆ ಗಟ್ಟಿಯಾಗಿ ಕೂತುಕೊಳ್ಳಬೇಕು. ಕಹಿ ಮಾತನ್ನು ನಾವು ನಾಲ್ಕು ಜನರ ಎದುರು ಹೇಳುವುದಿಲ್ಲ. ಪಕ್ಕಕ್ಕೆ ಕರೆದು, ಬಿಸ್ಕತ್ತಿನ ಜೊತೆ ಕೊಡುತ್ತೇವೆ. ಕೇಳಿಸಿಕೊಂಡವರೂ ಅದನ್ನು ನುಂಗಿಕೊಂಡು, ಏನೂ ಆಗದವರ ಹಾಗೆ ಇದ್ದುಬಿಡುತ್ತಾರೆ. ಹೀಗಾಗಿ ನಮ್ಮೂರಲ್ಲಿ ಎಲ್ಲರಿಗೂ ಎಲ್ಲರ ವಿಷಯ ಗೊತ್ತು, ಮುಖ್ಯವಾದದ್ದೊಂದು ಬಿಟ್ಟು.

“ಮಂಡಿನೋವು ಕೇಳಿದ್ಲಾ?”

“ಎರಡೂ ಮಂಡಿದು ಕೇಳಿದ್ಲು. ಆಮೇಲೆ, ಕೊನೇ ಸ್ತೋತ್ರಕ್ಕೆ ನಾನು ಬಾಯಿ ತೆರೆದರೆ ಸಾಕಂತೆ. ದನಿ ಬೇಡವಂತೆ.”

ಆ ಸ್ತೋತ್ರಕ್ಕೆ ವಾದ್ಯವಿಲ್ಲ. ಮೊದಲ ಸಾಲನ್ನು ತಗ್ಗುದನಿಯ ಗಂಡಸರಷ್ಟೇ ಹಾಡಬೇಕು, ಅವರು ಎತ್ತಿಕೊಟ್ಟ ಮೇಲೆ ಉಳಿದವರು ಸೇರಿಕೊಳ್ಳಬೇಕು. ಅಲ್ಲಿ ಶ್ರುತಿ ಇಳಿದರೆ ಮುಚ್ಚಿಡಲು ಏನೂ ಇಲ್ಲ, ನಿಜ. ಆದರೂ ನನಗೆ ಮೈಯೆಲ್ಲ ಉರಿಯಿತು. ಅವನನ್ನು ಆಡಿಕೊಳ್ಳುವುದು ನನ್ನ ಹಕ್ಕು, ಮದುವೆಯಾಗಿ ಸಂಪಾದಿಸಿದ್ದು. ಅದನ್ನು ಇವಳಿಗೆ ಯಾರು ಕೊಟ್ಟರು?

“ಎಲ್ಲಿದಾಳೆ ಅವಳು? ಇವತ್ತು ನಾನು ಅವಳಿಗೆ ಚಹಾ ಕುಡಿಸ್ತೀನಿ.”

“ಬೇಡ ಮಾರಾಯ್ತಿ. ಯಾರಿಗೂ ಗೊತ್ತಾಗಬಾರದು. ಗ್ವಿಲಿಮ್‌ಗೇನಾದ್ರೂ ಗೊತ್ತಾದ್ರೆ ನನ್ನ ಹೆಣದ ಮುಂದೂ ನಗ್ತಾನೆ. ಇವತ್ತು ಬಾಯಿ ತೆರೀತೀನಿ. ಊರಿಗೆ ಹೋದ್ಮೇಲೆ ಬಿಟ್ಟುಬಿಡ್ತೀನಿ.”

“ಏನನ್ನ?”

“ತಂಡ. ಇನ್ನೇನನ್ನ?”

ಅವನು ತಮಾಷೆ ಮಾಡುತ್ತಿರಲಿಲ್ಲ. ನನಗೆ ನಿಜಕ್ಕೂ ಹೆದರಿಕೆಯಾಯಿತು. ಬಸ್ಸು ಓಡಿಸುವುದನ್ನು ಬಿಟ್ಟ ಮೇಲೆ ಎಮ್ರಿಸ್ ಅಂಗಿಗೆ ಇಸ್ತ್ರಿ ಹಾಕಿಕೊಂಡು ಹೊರಡುವುದು ಹಾಡುವುದಕ್ಕೆ ಮಾತ್ರ. ಅದೂ ನಿಂತುಹೋಗಿ, ಅವನು ಇಡೀ ದಿನ ಮನೆಯಲ್ಲಿ ಹೀಗೆ ಬಾಯಿ ಮುಚ್ಚಿಕೊಂಡು ಕೂತರೆ ನಾನು ಆ ಮನೆಯಲ್ಲಿ ಹೇಗಿರಲಿ? ಬಾದಾಮಿಯನ್ನು ಕೊನೆಗೆ ನಾನೇ ಸಿಟ್ಟಿನಲ್ಲಿ ತಿಂದು ಮುಗಿಸಿದೆ.

ಮಧ್ಯಾಹ್ನ ನಾವು ಹಾಡಬೇಕಿದ್ದ ಇಗರ್ಜಿ ತುಂಬಿತ್ತು. ಆ ದೇಶದವರೆಲ್ಲ ಹುಟ್ಟಾ ಹಾಡುಗಾರರು. ಅವರ ಮುಂದೆ ಹಾಡುವುದೆಂದರೆ ಅಡುಗೆಭಟ್ಟರ ಮನೆಗೆ ಉಪ್ಪಿಟ್ಟು ಮಾಡಿಕೊಂಡು ಹೋದ ಹಾಗೆ. ಒಳಗೆ ಬೆಂಕಿಯಿಲ್ಲ, ಕಾವಿಲ್ಲ, ಕೇಳುವವರು ಟೋಪಿಯನ್ನೂ ತೆಗೆದಿರಲಿಲ್ಲ. ನಾವು ಹಾಡಿದ ಒಂದೊಂದು ಸಾಲೂ ಬಾಯಿಂದ ಹಬೆಯಾಗಿ ಹೊರಡುತ್ತಿತ್ತು. ಆದರೂ ಹಾಡುಗಳು ಚೆನ್ನಾಗಿಯೇ ಸಾಗಿದವು, ಕೊನೆಯ ಸ್ತೋತ್ರದವರೆಗೂ.

ಮೆರೆರಿಡ್ ಮೆಲ್ಲಗೆ ಗುನುಗಿ ಎಲ್ಲರಿಗೂ ಶ್ರುತಿ ಕೊಟ್ಟಳು. ತಗ್ಗುದನಿಯ ಗಂಡಸರತ್ತ ಕೈಯೆತ್ತಿದಳು, ಇಳಿಸಿದಳು.

ಏನೂ ಬರಲಿಲ್ಲ.

ಅವಳು ಮುಗುಳ್ನಗೆ ಹಾಗೇ ಇಟ್ಟುಕೊಂಡು ಮತ್ತೆ ಕೈ ಬೀಸಿದಳು. ನನ್ನ ಕುತ್ತಿಗೆಗೆ ಹಿಂದಿನಿಂದ ಬಿಸಿ ಉಸಿರು ತಗುಲುತ್ತಿತ್ತೇ ಹೊರತು ದನಿಯಿಲ್ಲ. ವೇದಿಕೆಯ ಮೇಲೆ ಹಿಂದಕ್ಕೆ ತಿರುಗಬಾರದು, ನಾನು ತಿರುಗಿದೆ. ನಾಲ್ಕು ಜನವೂ ಬಾಯನ್ನು ಅಷ್ಟಗಲ ತೆರೆದು, ಭಕ್ತಿಯಿಂದ ಹುಬ್ಬೇರಿಸಿ, ಬರೀ ಹಬೆ ಬಿಡುತ್ತಿದ್ದರು. ಒಬ್ಬೊಬ್ಬನೂ ಓರೆಗಣ್ಣಲ್ಲಿ ಪಕ್ಕದವನನ್ನು ನೋಡುತ್ತಿದ್ದ. ಇವನು ಯಾಕೆ ಹಾಡುತ್ತಿಲ್ಲ ಎಂಬ ಅದೇ ದಿಗಿಲು ನಾಲ್ಕೂ ಮುಖದಲ್ಲಿತ್ತು. ನಾಲ್ವರಿಗೂ ಚಹಾ ಆಗಿದೆ ಎಂದು ನನಗೆ ಆಗ ತಿಳಿಯಿತು.

ಮುಂದೆ ತಿರುಗಿ, ಎಮ್ರಿಸ್‌ನ ಮೊಳಕಾಲಿನ ಕೆಳಗೆ ಹಿಮ್ಮಡಿಯಿಂದ ಜಾಡಿಸಿ ಒದ್ದೆ.

“ಹಾಡೋ, ಮಾರಾಯ!”

ಒದೆತಕ್ಕೋ ಮಾತಿಗೋ, ಅವನು ಹಾಡಿದ. ಆ ಕಲ್ಲಿನ ಗೋಡೆಗಳ ನಡುವೆ ಅವನದೊಂದೇ ದನಿ, ಮೊದಲು ನಡುಗುತ್ತಾ, ಆಮೇಲೆ ತುಂಬಿಕೊಂಡು. ಶ್ರುತಿ? ಮೆರೆರಿಡ್ ಕೊಟ್ಟದ್ದಕ್ಕೂ ಅವನು ಹಿಡಿದದ್ದಕ್ಕೂ ಸಂಬಂಧವೇ ಇರಲಿಲ್ಲ. ಗ್ವಿಲಿಮ್ ಬಂದು ಸೇರಿದ, ಯೋಲೋ ಮತ್ತು ಹವೆಲ್ ಓಡಿ ಬಸ್ಸು ಹತ್ತಿದವರಂತೆ ಸಾಲಿನ ಕೊನೆಗೆ ಸೇರಿದರು. ಮುಂದಿನದು ನಮ್ಮ ಸರದಿ. ನನ್ನ ತಲೆಯೊಳಗೆ ಸರಿಯಾದ ಸ್ವರ ಸ್ಪಷ್ಟವಾಗಿತ್ತು. ಅದನ್ನು ಹಿಡಿದರೆ ಹಾಡು ಸರಿಹೋಗುತ್ತಿತ್ತು, ಎಮ್ರಿಸ್ ಇಳಿಸಿದ್ದು ಇಗರ್ಜಿಗೆಲ್ಲ ಗೊತ್ತಾಗುತ್ತಿತ್ತು. ಮೆರೆರಿಡ್ ನನ್ನನ್ನೇ ನೋಡುತ್ತಿದ್ದಳು. ನಾನು ಅವನ ಸ್ವರಕ್ಕೇ ಇಳಿದೆ. ನನ್ನ ಸಾಲಿನವರು ಗಂಟಲ ತಳ ಕೆರೆದು ಹೇಗೋ ಹಿಂದೆ ಬಂದರು. ಇಡೀ ಹಾಡೇ ತಗ್ಗಿದ್ದರಿಂದ, ಆ ಸ್ತೋತ್ರದ ಎತ್ತರದ ತುದಿಯನ್ನು ಎಂದೂ ಮುಟ್ಟದ ನಮ್ಮ ಹುಡುಗಿಯರು ಅವತ್ತು ಅದನ್ನು ಕೈಚಾಚಿ ಹಣ್ಣು ಕಿತ್ತಷ್ಟು ಸುಲಭವಾಗಿ ಮುಟ್ಟಿದರು.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಆಮೇಲೆ ಪಕ್ಕದ ಕೋಣೆಯಲ್ಲಿ ಬಿಸಿ ಹಣ್ಣಿನ ರಸ ಕುಡಿಯುವಾಗ, ಅಲ್ಲಿನ ತಂಡದ ಮುಖ್ಯಸ್ಥೆ ಹೆಲ್ವೆ ಬಂದು ಮೆರೆರಿಡ್‌ಳ ಎರಡೂ ಕೈ ಹಿಡಿದುಕೊಂಡಳು.

“ಶುರುವಿನಲ್ಲಿ ಆ ಮೌನ ಇತ್ತಲ್ಲ, ಬರೀ ಉಸಿರು! ಇಂಥದ್ದನ್ನ ನಾನು ಕೇಳೇ ಇರಲಿಲ್ಲ. ನಮ್ಮವರಿಗೂ ಹೇಳಿಕೊಡ್ತೀರಾ?”

ಮೆರೆರಿಡ್‌ಗೆ ಕೆಮ್ಮು ಬಂತು. ಗ್ವಿಲಿಮ್ ಗಂಭೀರವಾಗಿ, “ಅದು ಅಷ್ಟು ಸುಲಭ ಅಲ್ಲಮ್ಮಾ, ವರ್ಷಗಟ್ಟಲೆ ಅಭ್ಯಾಸ ಬೇಕು” ಎಂದ.

ಹೆಲ್ವೆ ಅತ್ತ ಹೋದದ್ದೇ ನಾನು ಮೆರೆರಿಡ್‌ಳನ್ನು ಗೋಡೆಗೆ ಒತ್ತರಿಸಿದೆ. “ನಾಲ್ವರಿಗೂ ಹೇಳಿದ್ಯಾ? ತಲೆ ಕೆಟ್ಟಿದೆಯೇನೇ ನಿನಗೆ?”

“ಹದಿನೆಂಟು ವರ್ಷದಿಂದ ಇವರಿಗೆ ಹೇಳ್ತಾನೇ ಇದೀನಿ ನೆಸ್ಟಾ, ನಿಲ್ಲಿ ಅಂದ್ರೆ ಕೂರ್ತಾರೆ, ಮೆಲ್ಲಗೆ ಅಂದ್ರೆ ಕಿರುಚ್ತಾರೆ” ಎಂದು ಅವಳು ಅಳುವ ದನಿಯಲ್ಲಿ ಹೇಳಿದಳು. “ನಾಲ್ವರಿಗೂ ಹೇಳಿದ್ರೆ ಒಬ್ಬನಾದ್ರೂ ಕೇಳ್ತಾನೇನೋ ಅಂದ್ಕೊಂಡೆ. ಎಲ್ಲರೂ ಕೇಳಿಬಿಡ್ತಾರೆ ಅಂತ ನನಗೇನು ಕನಸು ಬಿದ್ದಿತ್ತಾ?”

ಇದು ಹಿಂದೆ ನಿಂತಿದ್ದ ನಾಲ್ವರಿಗೂ ಕೇಳಿಸಿತು.

“ನಿನಗೂ ಚಹಾನಾ?” ಎಂದ ಹವೆಲ್.

“ಬಿಸ್ಕತ್ತೂ ಇತ್ತು” ಎಂದ ಯೋಲೋ.

“ನನಗೆ ಬಿಸ್ಕತ್ತು ಕೊಡಲೇ ಇಲ್ಲವಲ್ಲೋ!” ಎಂದ ಗ್ವಿಲಿಮ್. ನಾಲ್ವರೂ ಒಬ್ಬರ ಬೆನ್ನಿಗೆ ಒಬ್ಬರು ಗುದ್ದಿಕೊಂಡು ನಕ್ಕರು. ಎಮ್ರಿಸ್ ಮಾತ್ರ ಬೇಗ ನಗು ನಿಲ್ಲಿಸಿದ.

ಹೋಟೆಲಿಗೆ ನಡೆದು ಹೋಗುವಾಗ ಅವನು ಕೇಳಿದ. “ನಿಜ ಹೇಳು. ಇಳಿಸಿದ್ನಾ?”

“ಇಳಿಸಿದೆ. ಪಾತಾಳಕ್ಕೆ.”

“ನಿನಗೆ ಸರಿಯಾದ ಶ್ರುತಿ ಗೊತ್ತಿತ್ತಲ್ಲ.”

“ಗೊತ್ತಿತ್ತು.”

“ಮತ್ತೆ ಯಾಕೆ ಇಳಿದೆ?”

“ನೀನೊಬ್ಬನೇ ಇದ್ದೆಯಲ್ಲೋ ಅಲ್ಲಿ” ಎಂದೆ.

ಎಮ್ರಿಸ್ ಜಾರದಂತೆ ನನ್ನ ತೋಳನ್ನು ಬಿಗಿಯಾಗಿ ಹಿಡಿದುಕೊಂಡ. ತಿರುವಿನವರೆಗೂ ಹಾಗೇ ನಡೆದೆವು.

“ಮಂಗಳವಾರದ ಅಭ್ಯಾಸ ಏಳಕ್ಕೋ, ಏಳೂವರೆಗೋ?” ಎಂದು ಕೇಳಿದ.